ಜೋಡಿಸದೆ ಉಳಿದ ತೋಳುಗಳು

ಹೆಣಿಗೆ, ಕ್ರೋಶಾ ಕೆಲಸಗಳು ಮನಸ್ಸಿಗೆ ನೆಮ್ಮದಿ ಕೊಡುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಕೆಲಸ ನೆಮ್ಮದಿ ಕೆಡಿಸಿದೆ ಎಂದು ಹೇಳಿಕೊಂಡು ಆಪ್ತಸಲಹೆಗಾಗಿ ನನ್ನ ಬಳಿಗೆ ಬರುವವರು ಆಗಾಗ ಇರುತ್ತಾರೆ. ಅವರಲ್ಲೊಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ದಾಖಲಿಸುತ್ತಿದ್ದೇನೆ.

ಅವರು ನಡುವಯಸ್ಸಿನ ಮಹಿಳೆ. ಕಪಾಟಿನಲ್ಲಿ ಅರ್ಧಕ್ಕೆ ನಿಂತ 11 ಕೆಲಸಗಳಿದ್ದವು. ಆ ಕಪಾಟಿನ ಬಾಗಿಲು ತೆರೆಯಲೂ ಅವರಿಗೆ ಹಿಂಜರಿಕೆ. ‘ಹಿಡಿದದ್ದನ್ನು ಮುಗಿಸುವ ಯೋಗ್ಯತೆ ನನಗಿಲ್ಲ’ ಎಂಬ ಮಾತನ್ನು ಮೊದಲ ಭೇಟಿಯಲ್ಲೇ ಹಲವು ಬಾರಿ ಹೇಳಿದರು. ಊಟ, ನಿದ್ರೆ, ಉಳಿದ ವಿಷಯಗಳಲ್ಲಿನ ಆಸಕ್ತಿ ಎಂದಿನಂತಿವೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆ. ಅವೂ ಕುಗ್ಗಿದ್ದರೆ ಅವರನ್ನು ಮನೋವೈದ್ಯರ ಬಳಿಗೆ ಕಳುಹಿಸುವುದೇ ಸರಿಯಾಗುತ್ತಿತ್ತು.

ಮೂರನೆಯ ಭೇಟಿಗೆ ಆ 11ನ್ನೂ ತರಲು ಹೇಳಿದೆ. ಬೇಸರ ಬಂದು ನಡುವೆ ಬಿಟ್ಟಿರುತ್ತಾರೆಂದು ನಾನು ಊಹಿಸಿದ್ದೆ. ಮೇಜಿನ ಮೇಲೆ ಒಂದೊಂದಾಗಿ ಹರಡಿದಾಗ ನನ್ನ ಊಹೆ ತಪ್ಪೆಂದು ತಿಳಿಯಿತು. ಅವುಗಳಲ್ಲಿ 7 ಸ್ವೆಟರುಗಳ ಬೆನ್ನು, ಎದೆ, ಎರಡು ತೋಳು ಎಲ್ಲವೂ ಅಚ್ಚುಕಟ್ಟಾಗಿ ಹೆಣೆದು ಮುಗಿದಿದ್ದವು. ಅವನ್ನು ಜೋಡಿಸಿ ಹೊಲಿಯುವುದು ಮಾತ್ರ ಬಾಕಿಯಿತ್ತು. ‘ಎಲ್ಲವೂ ಇಲ್ಲಿಗೇ ಏಕೆ ನಿಂತಿವೆ?’ ಎಂದು ಕೇಳಿದೆ. ಅವರು ಬಹಳ ಹೊತ್ತು ಒಂದು ತೋಳನ್ನು ಮಡಿಸಿ ಬಿಡಿಸುತ್ತಿದ್ದು, ಕೊನೆಗೆ ಹೇಳಿದರು: ‘ಹೆಣೆಯುವಾಗ ತಪ್ಪಾದರೆ ಯಾರಿಗೂ ಕಾಣದಂತೆ ಬಿಚ್ಚಿಬಿಡಬಹುದು. ಹೊಲಿದ ಮೇಲೆ ಯಾರಿಗಾದರೂ ಕೊಡಬೇಕು. ಅವರು ತೊಟ್ಟು ನೋಡಿ, ಭುಜ ಸರಿಯಾಗಿಲ್ಲ ಅಂದರೆ?’

ಹಾಗಾದರೆ ಅಲ್ಲಿದ್ದದ್ದು ಸೋಮಾರಿತನವಲ್ಲ, ಕೊಡುವ ಅಂಜಿಕೆ. ಹೊಲಿಯದೆ ಇಟ್ಟಷ್ಟು ಕಾಲ ಆ ಸ್ವೆಟರಿನಲ್ಲಿ ಯಾರೂ ಕುಂದು ಹುಡುಕಲಾರರು. ಇದನ್ನು ಹೇಳಿದಾಗ ಅವರು ಅತ್ತರು. ಆ ದಿನ ನಾನು ಬೇರೆ ಸಲಹೆ ಕೊಡಲಿಲ್ಲ.

ಮುಂದಿನ ಭೇಟಿಯಲ್ಲಿ ಕೊಟ್ಟ ಸಲಹೆ ಸಂಪೂರ್ಣವಾಗಿ ಕೈಕೆಲಸಕ್ಕೆ ಸಂಬಂಧಿಸಿದ್ದು. ಚೀಲ, ಕಡ್ಡಿಗಳ ವಿಷಯ ಆಪ್ತಸಲಹೆಗಾರರ ಕೆಲಸವೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಹೌದು ಎಂದೇ ನನ್ನ ಉತ್ತರ. ರಾಶಿಯಾಗಿ ಬಿದ್ದ 11 ಕೆಲಸಗಳು ಒಟ್ಟಾಗಿ ‘ನೀನು ಅಯೋಗ್ಯಳು’ ಎನ್ನುತ್ತವೆ. ಬೇರ್ಪಡಿಸಿದಾಗ ಪ್ರತಿಯೊಂದೂ ತನ್ನ ಸಣ್ಣ ಪ್ರಶ್ನೆಯನ್ನಷ್ಟೇ ಕೇಳುತ್ತದೆ. ಆದ್ದರಿಂದ ಒಂದು ಕೆಲಸಕ್ಕೆ ಒಂದು ಚೀಲ, ಒಳಗೊಂದು ಚೀಟಿ: ಕಡ್ಡಿಯ ಅಳತೆ, ಎಷ್ಟನೆಯ ಸಾಲಿಗೆ ನಿಂತಿದೆ, ಮುಂದಿನ ಹೆಜ್ಜೆ ಯಾವುದು. ನೂಲಿನ ಲೇಬಲನ್ನೂ ಅದರಲ್ಲೇ ಇಡಬೇಕು, ಏಕೆಂದರೆ ಅದೇ ಬಣ್ಣದ ನೂಲಾದರೂ ಬೇರೆ ಲಾಟಿನದಾದರೆ, ಅಂದರೆ ಬೇರೆ ಸಲ ಬಣ್ಣ ಹಾಕಿದ್ದಾದರೆ, ಛಾಯೆಯಲ್ಲಿ ವ್ಯತ್ಯಾಸ ಕಾಣಬಹುದು. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದೇ ಕುಣಿಕೆ ತೆರೆದಿರುವುದರಿಂದ ಅದಕ್ಕೊಂದು ಪಿನ್ನು ಸಾಕು. ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲಿರುತ್ತವೆ. ಅವನ್ನು ಬೇರೊಂದು ನೂಲಿಗೆ ದಾಟಿಸಿಟ್ಟರೆ ಕಡ್ಡಿಗಳು ಮತ್ತೊಂದು ಕೆಲಸಕ್ಕೆ ಸಿಗುತ್ತವೆ.

ಹೊಲಿಗೆಯನ್ನು ಹಗಲು ಬೆಳಕಿನಲ್ಲಿ, ಮೊದಲು ಪಿನ್ನು ಚುಚ್ಚಿ, ಸಾಲಿಗೆ ಸಾಲು ಹೊಂದಿಸಿಕೊಂಡು, ಒಂದು ದಿನಕ್ಕೆ ಒಂದೇ ಬದಿಯಂತೆ ಮಾಡಲು ಹೇಳಿದೆ. ಭುಜ ಸರಿಬರದಿದ್ದರೆ ಹೊಲಿಗೆಯನ್ನೂ ಬಿಚ್ಚಬಹುದು ಎಂಬುದನ್ನು ಅವರಿಗೆ ನೆನಪಿಸಬೇಕಾಯಿತು. ಇಷ್ಟೆಲ್ಲ ತಿಳಿದ ಕೈಗೂ ಅದು ಮರೆತುಹೋಗಿತ್ತು.

ಹೆಚ್ಚು ವಾದವಾದದ್ದು ಇನ್ನು ಬೇಡವಾದ ಕೆಲಸಗಳನ್ನು ಪೂರ್ತಿ ಬಿಚ್ಚುವ ಬಗ್ಗೆ. ‘ಅಷ್ಟು ದಿನದ ಶ್ರಮ!’ ಎಂದರು. ಆ ಸಂಜೆಗಳಲ್ಲಿ ಹೆಣೆಯುತ್ತಾ ಪಟ್ಟ ಸಂತೋಷ ನೂಲು ಬಿಚ್ಚಿದರೆ ಹೋಗುವುದಿಲ್ಲ ಎಂದು ನಾನು ನಂಬುತ್ತೇನೆ, ಅವರಿಗೂ ಹಾಗೆಯೇ ಹೇಳಿದೆ. ಬಿಚ್ಚಿದ ಉಣ್ಣೆಯ ನೂಲು ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜದೆ ನೆನೆಸಿ, ಹಿಂಡದೆ ನೀರು ಒತ್ತಿ ತೆಗೆದು ಒಣಗಿಸಿದರೆ ಬಹುಮಟ್ಟಿಗೆ ನೇರವಾಗುತ್ತದೆ. ಬಿಸಿನೀರಿನಲ್ಲಿ ಉಜ್ಜಿದರೆ ಮಾತ್ರ ಎಳೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ.

ಕೆಲವು ತಿಂಗಳ ನಂತರ ಬಂದಾಗ 4 ಸ್ವೆಟರುಗಳನ್ನು ಹೊಲಿದಿದ್ದರು, 5 ಕೆಲಸಗಳನ್ನು ಬಿಚ್ಚಿದ್ದರು. ಹೊಲಿದವುಗಳಲ್ಲಿ ಒಂದರ ತೋಳು ಎರಡು ಸಾಲಿನಷ್ಟು ಉದ್ದವಾಗಿತ್ತು. ಅದನ್ನು ಹಾಗೆಯೇ ತಂಗಿಗೆ ಕೊಟ್ಟರಂತೆ. ತಂಗಿ ಆ ತೋಳನ್ನು ಮಡಿಸಿಕೊಂಡು ತೊಡುತ್ತಿದ್ದಾರೆ. ಉಳಿದ ಎರಡು ಇನ್ನೂ ಚೀಲದಲ್ಲಿವೆ, ಚೀಟಿಯ ಸಮೇತ.