ಬಿಟ್ಟು ಬಂದ ಎರಡು ಸೆಮಿಸ್ಟರ್

ಸುರಪುರ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಎಂ.ಎಸ್ಸಿ. ಕೆಮಿಸ್ಟ್ರಿ ಎರಡು ಸೆಮಿಸ್ಟರ್ ಓದಿ ಬಿಟ್ಟೆ. ಎರಡು ವರ್ಷದಿಂದ ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಈಗ ಎಂ.ಎ. ಅರ್ಥಶಾಸ್ತ್ರ ಓದುವ ಆಸೆ. ಅರ್ಜಿಯಲ್ಲಿ ಹಿಂದಿನದನ್ನು ಮುಚ್ಚಿಡಲೇ? ಉಳಿದ ವರ್ಷದ ಫೀಸು ಕಟ್ಟಿದರೇನೇ ಮೂಲ ಅಂಕಪಟ್ಟಿ ಕೊಡುತ್ತೇವೆ ಅಂತಾರೆ ಕಾಲೇಜಿನವರು. ಏನು ಮಾಡಲಿ?"

ತಂಗೀ, 'ಬಿಟ್ಟೆ' ಅನ್ನುವ ಮಾತನ್ನು ನೀವು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೀರಿ. ಪೆನ್ನು ಒತ್ತಿದ ಗುರುತು ಹಾಳೆಯ ಹಿಂದೆಯೂ ಮೂಡಿದೆ. ಅದನ್ನು ನೋಡಿ ಸಂಕಟವಾಯಿತು.

ಮುಚ್ಚಿಡಬೇಡಿ. ನಾನೂ ಒಂದು ವರ್ಷ ಕಾನೂನು ಓದಿ ಬಿಟ್ಟವನು. ಎಂ.ಎ. ಅರ್ಜಿಯಲ್ಲಿ ಆ ವರ್ಷವನ್ನು ಖಾಲಿ ಬಿಟ್ಟಿದ್ದೆ. ದಾಖಲೆ ನೋಡುವಾಗ ಕೌಂಟರಿನವರು ಟಿ.ಸಿ.ಯ ತಾರೀಖಿನ ಮೇಲೆ ಬೆರಳಿಟ್ಟು, "ಈ ವರ್ಷ ಎಲ್ಲಿದ್ರಿ?" ಅಂದರು. ಬಾಯಿ ಒಣಗಿಹೋಯಿತು. ನಿಜ ಹೇಳಿದ ಮೇಲೆ ಅವರು ಸುಮ್ನೆ ಬರೆದುಕೊಂಡರು, ಅಷ್ಟೇ. ಹೆದರಿಕೆ ನನ್ನದು ಮಾತ್ರ ಆಗಿತ್ತು.

ಮೊದಲು ಅಂಕಪಟ್ಟಿಯ ಕೆಲಸ. ಕಾಲೇಜು ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರ ಅಕ್ಟೋಬರಿನಲ್ಲೇ ಹೇಳಿದೆ. ಓದದ ವರ್ಷದ ಫೀಸು ಕೇಳುವುದೂ ತಪ್ಪು. ಬಾಯಿಮಾತು ಬೇಡ. ಪ್ರಾಂಶುಪಾಲರಿಗೆ ಅರ್ಜಿ ಬರೆದು, ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಜಗ್ಗದಿದ್ದರೆ ವಿಶ್ವವಿದ್ಯಾಲಯದ ಕುಲಸಚಿವರಿಗೆ ಬರೆಯಿರಿ, ಯುಜಿಸಿಗೂ ದೂರು ಕೊಡಿ. ಟಿ.ಸಿ., ಮೈಗ್ರೇಷನ್ ಸರ್ಟಿಫಿಕೇಟ್ ಎರಡನ್ನೂ ಕೇಳಿ ಪಡೆಯಿರಿ. ನಡುವಿನ ವರ್ಷಗಳಿಗೆ ಕೆಲವು ಕಡೆ ನೋಟರಿಯ ಅಫಿಡವಿಟ್ ಕೇಳುತ್ತಾರೆ.

ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಯುಇಟಿ-ಪಿಜಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ. ಯಾಕೆ ಬಿಟ್ಟಿರಿ ಅಂತ ಪರೀಕ್ಷೆ ಕೇಳುವುದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯಕ್ಕೂ ಹಾಕಿ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಈಗಲೇ ಮಾಡಿಸಿಡಿ, ಕೊನೇ ಗಳಿಗೆಯಲ್ಲಿ ಓಡಾಟ ಜಾಸ್ತಿ. ಬಿ.ಎಸ್ಸಿ.ಯವರಿಗೆ ಅರ್ಥಶಾಸ್ತ್ರದಲ್ಲಿ ಅವಕಾಶ ಇದೆಯಾ ಅನ್ನುವುದನ್ನು ಮಾತ್ರ ಆಯಾ ವರ್ಷದ ಪ್ರಾಸ್ಪೆಕ್ಟಸ್ಸಿನಲ್ಲೇ ನೋಡಿಕೊಳ್ಳಿ.

ಸಂದರ್ಶನ ಇರುವುದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ. ಅಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಬಿಟ್ಟದ್ದಕ್ಕೆ ಎರಡು ಮಾತು ಸಾಕು. ಅಪ್ಪನ ಕಾಯಿಲೆ, ಮನೆಯ ಕಷ್ಟ, ಲ್ಯಾಬಿನಲ್ಲಿ ಮನಸ್ಸು ನಿಲ್ಲದ್ದು, ಯಾವುದು ನಿಜವೋ ಅದು. ಯಾರನ್ನೂ ದೂರಬೇಡಿ. ಉಳಿದ ಹೊತ್ತೆಲ್ಲ ಮಿಲ್ಲಿನ ಬಗ್ಗೆ ಮಾತಾಡಿ.

ಯಾಕೆ ಅಂತೀರಾ? ನಿಮ್ಮ ಪತ್ರದ ಮೂರನೇ ಪುಟ ನೋಡಿ. ತೊಗರಿ ರಾಶಿ ಆದ ತಿಂಗಳಲ್ಲೇ ಸಾಲದ ಅವಸರಕ್ಕೆ ರೈತರು ಮಾರಿಬಿಡುತ್ತಾರೆ, ಆಮೇಲೆ ದರ ಏರಿದ್ದರ ಲಾಭ ಗೋದಾಮು ಇದ್ದವರಿಗೆ ಅಂತ ಬರೆದಿದ್ದೀರಿ. ಒಬ್ಬರೇ ರೈತರ ಎರಡು ವರ್ಷದ ತೂಕದ ಚೀಟಿಗಳನ್ನು ಪಕ್ಕ ಪಕ್ಕ ಇಟ್ಟು ಲೆಕ್ಕ ಹಾಕಿದ್ದೀರಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಬಂತು, ಆ ಹೆಸರಿನ ದುಡ್ಡು ಹೊಲದ ತನಕ ಬಂತಾ ಅಂತ ಕೇಳಿದ್ದೀರಿ. ಇದು ಅರ್ಥಶಾಸ್ತ್ರವೇ ಅಲ್ವಾ? ಆ ಪುಟವನ್ನೇ ತಿದ್ದಿ ಅರ್ಜಿಗೆ ಬರೆಯಿರಿ.

ಪದವಿ ಮಟ್ಟದ ಅರ್ಥಶಾಸ್ತ್ರದ ಪುಸ್ತಕಗಳು ನಮ್ಮ ಕಚೇರಿಯ ಕಪಾಟಿನಲ್ಲಿವೆ. ಮಿಲ್ಲಿಗೆ ರಜೆ ಇದ್ದ ದಿನ ಬಂದು ಒಯ್ಯಿರಿ. ಬರುವಾಗ ಆ ಪುಟವನ್ನೂ ತನ್ನಿ, ಕೂತು ನೋಡೋಣ.