ಆಗಾ ಖಾನ್ ಪ್ಯಾಲೇಸ್‌ಗೆ ಒಂದು ತಾಸು ಸಾಕಾ? ಸಾಲಲ್ಲ

ಊರಿಂದ ಬರೋ ಅಪ್ಪ ಅಮ್ಮನ್ನ ಕರ್ಕೊಂಡು ಒಂದೇ ದಿನದಲ್ಲಿ ಶನಿವಾರವಾಡ, ಕೇಳ್ಕರ್ ಮ್ಯೂಸಿಯಂ, ದಗಡೂಶೇಟ್ ಗಣಪತಿ ಎಲ್ಲ ಮುಗಿಸಿ, ಸಂಜೆ ಗಾರ್ಡನ್‌ನಲ್ಲಿ ಫೋಟೋ ತೆಗೆಯೋಕೆ ಆಗಾ ಖಾನ್ ಪ್ಯಾಲೇಸ್‌ಗೆ ಒಂದು ತಾಸು ಇಟ್ರೆ ಆಗುತ್ತಾ ಅಂತ ಕೇಳಿದೀರಿ. ನಾನು ಪುಣೆಗೆ ಬಂದ ಹೊಸದರಲ್ಲಿ ಹಾಕಿದ ಪ್ಲಾನ್ ಇದೇ, ಆರ್ಡರ್ ಕೂಡ ಇದೇ.

ನಮ್ಮಪ್ಪ ಹಾವೇರಿ ಕಡೆ ಕನ್ನಡ ಸಾಲಿ ಮಾಸ್ತರಾಗಿದ್ರು. ಅವರಿಗೆ ಶನಿವಾರವಾಡನೂ ಬೇಕಿರಲಿಲ್ಲ, ಮ್ಯೂಸಿಯಂನೂ ಬೇಕಿರಲಿಲ್ಲ. ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಮೈಲಾರ ಮಹಾದೇವ ನಮ್ಮ ಕಡೆಯವರೇ, ಮೋಟೆಬೆನ್ನೂರಿನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ತೀರ್ಕೊಂಡ್ರು. ಅಪ್ಪ ಪ್ರತಿ ವರ್ಷ ಮಕ್ಕಳಿಗೆ ಆ ಕಥೆ ಹೇಳೋರು. ಕಾರಲ್ಲಿ ನನಗೂ ಅದನ್ನೇ ಹೇಳ್ತಾ ಬಂದ್ರು, "ಮಹಾದೇವಪ್ಪಗ ಗುಂಡು ಬಿದ್ದಾಗ ಗಾಂಧೀಜಿ ಇದ ಬಂಗಲೆದಾಗ ಬಂಧನದಾಗಿದ್ರು ನೋಡು, ಇಪ್ಪತ್ತೊಂದು ದಿನದ ಉಪವಾಸ ಮುಗದು ಇನ್ನೂ ತಿಂಗಳೂ ಆಗಿರಲಿಲ್ಲ." ನಾನು ಹ್ಞೂಂ ಹ್ಞೂಂ ಅಂತ ಟ್ರಾಫಿಕ್ ನೋಡ್ತಿದ್ದೆ.

ತಪ್ಪಾಗಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅಲ್ಲೇ ಬೀಳ್ತೀರಿ. ಮನಸಲ್ಲಿ "ಗಾರ್ಡನ್" ಅಂತ ಕೂತಿತ್ತು, ಗಾರ್ಡನ್ ಅಂದ್ರೆ ಸಂಜೆ ತಂಪಲ್ಲಿ ಹೋಗೋದು ಅಂತ ಕೊನೆಗೆ ಇಟ್ಟೆ. ಪೇಟೆ ಒಳಗೆ ಪಾರ್ಕಿಂಗ್ ಹುಡುಕೋದ್ರಲ್ಲೇ ಮಧ್ಯಾಹ್ನ ಹೋಯ್ತು, ಶನಿವಾರವಾಡದಿಂದ ಮುಳಾ ಮುಠಾ ದಾಟಿ ನಗರ್ ರೋಡಿಗೆ ಬರೋ ಹೊತ್ತಿಗೆ ನಾಲ್ಕೂವರೆ ದಾಟಿತ್ತು, ಗೇಟ್ ಐದೂವರೆಗೆ ಬಂದ್. ಇಷ್ಟಾದ್ರೂ ನೇರ ಒಳಗೆ ಹೋಗಿದ್ರೆ ನಡೀತಿತ್ತು. ಎದುರಿನ ಲಾನ್, ದೊಡ್ಡ ಮರಗಳು, ಉದ್ದಕ್ಕೆ ಕಮಾನಿನ ವರಾಂಡ ನೋಡಿ ಮಕ್ಕಳು ಓಡಿದ್ರು, ನಾವು ಫೋಟೋಗೆ ನಿಂತ್ವಿ, ಅಪ್ಪನ್ನೂ ನಡುವೆ ನಿಲ್ಲಿಸಿದ್ವಿ. ಅಲ್ಲೇ ಅರ್ಧ ಟೈಮ್ ಹೋಯ್ತು. ಆಮೇಲೆ ಒಳಗೆ ಹೋದ್ರೆ ಅಪ್ಪ ಒಂದೊಂದು ಬೋರ್ಡನ್ನೂ ನಿಂತು ಓದೋರು. 1892ರಲ್ಲಿ ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಮೂರನೇ ಆಗಾ ಖಾನ್ ಸುತ್ತಲಿನ ಹಳ್ಳಿಯ ಬರಪೀಡಿತರಿಗೆ ಕೆಲಸ ಸಿಗಲಿ ಅಂತಲೇ ಈ ಅರಮನೆ ಕಟ್ಟಿಸಿದ್ದು ಅಂತ ಓದಿ ಅಮ್ಮನ್ನ ಕರೆದು ಹೇಳಿದ್ರು. ಗಾಂಧೀಜಿ ಇದ್ದ ಕೋಣೆ ಮುಂದೆ ಚಪ್ಪಲಿ ಬಿಟ್ಟು ನಿಂತ್ರು. ಆಮೇಲೆ "ಕಸ್ತೂರಬಾ ಸಮಾಧಿ ಎಲ್ಲೈತಪಾ?" ಅಂದ್ರು, ಅಷ್ಟರಲ್ಲಿ ಸೀಟಿ ಊದಿದ್ರು. ಸಮಾಧಿ ಇರೋದು ಕಟ್ಟಡದ ಒಳಗಲ್ಲ, ಆವರಣದ ಇನ್ನೊಂದು ಕಡೆ. ಮಂಡಿನೋವಿನವರು ಅಲ್ಲಿಗೆ ನಡೆಯೋಕೆ ಟೈಮ್ ಬೇಕು. ಗೇಟಿನವರದೇನೂ ತಪ್ಪಿಲ್ಲ, ಅವರ ಟೈಮ್ ಅವರದ್ದು. "ಇರಲಿ ಬಿಡು, ಮುಂದಿನ ಸಲ ನೋಡಿದ್ರಾತು" ಅಂದ್ರು ಅಪ್ಪ.

ಮುಂದಿನ ಸಲ ಬರಲಿಲ್ಲ. ಅಪ್ಪನಿಗೆ ಲಕ್ವಾ ಹೊಡೀತು, ಈಗ ಊರಲ್ಲೇ ಇದಾರೆ, ಇಷ್ಟು ದೂರದ ಪ್ರಯಾಣ ಆಗಲ್ಲ. ನಾನೊಬ್ಬನೇ ಹೋಗಿ ಸಮಾಧಿ ಮುಂದೆ ನಿಂತು ವಿಡಿಯೋ ಕಾಲ್ ಮಾಡಿದೆ, ಬಿಸಿಲಿಗೆ ಏನೂ ಸರಿಯಾಗಿ ಕಾಣ್ಲಿಲ್ಲ ಅಂದ್ರು.

ಅದಕ್ಕೇ ಹೇಳ್ತಿದೀನಿ, ಅದನ್ನ ಗಾರ್ಡನ್ ಅನ್ಕೊಂಡು ಹೋಗ್ಬೇಡಿ, ಅದು ಜೈಲಾಗಿತ್ತು. 1942ರ ಆಗಸ್ಟ್ 9ರಂದು ಗಾಂಧೀಜಿನ ಬಂಧಿಸಿ ತಂದ್ರು, ಆರೇ ದಿನಕ್ಕೆ, ಆಗಸ್ಟ್ 15ಕ್ಕೆ ಅವರ ಕಾರ್ಯದರ್ಶಿ ಮಹಾದೇವ ದೇಸಾಯಿ ಹೃದಯಾಘಾತದಿಂದ ತೀರ್ಕೊಂಡ್ರು, ಇನ್ನೂ ಐವತ್ತರ ವಯಸ್ಸು. ಆವರಣದಲ್ಲೇ ಸಂಸ್ಕಾರ ಆಯ್ತು, ಗಾಂಧೀಜಿ ದಿನಾ ಅಲ್ಲಿಗೆ ಹೂ ತಗೊಂಡು ಹೋಗೋರು. 1944ರ ಫೆಬ್ರವರಿ 22, ಮಹಾಶಿವರಾತ್ರಿ ದಿನ ಸಂಜೆ, ಗಾಂಧೀಜಿ ತೊಡೆ ಮೇಲೆ ತಲೆ ಇಟ್ಟು ಕಸ್ತೂರಬಾ ಹೋದ್ರು. ಗಂಡ ನೂತ ನೂಲಿನ ಸೀರೆ ಉಡಿಸಿ ಮಹಾದೇವ ದೇಸಾಯಿ ಮಗ್ಗಲಲ್ಲೇ ದಹನ ಮಾಡಿದ್ರು. ಗಾಂಧೀಜಿ ಬಿಡುಗಡೆ ಆಗಿದ್ದು ಮೇ 6ಕ್ಕೆ, ಹೆಂಡತಿ ಹೋಗಿ ಮೂರು ತಿಂಗಳೂ ಆಗಿರಲಿಲ್ಲ. ಸಮಾಧಿ ಜಾಗ ವಿನ್ಯಾಸ ಮಾಡಿದ್ದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ, ತುಂಬಾ ಸರಳವಾಗಿದೆ, ಆ ಆವರಣದಲ್ಲಿ ಅದಕ್ಕಿಂತ ಒಳ್ಳೆ ಜಾಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಫೋಟೋ ತೆಗೀರಿ, ಬೇಡ ಅನ್ನಲ್ಲ, ಆದರೆ ಹೋಗೋದು ಅದಕ್ಕಲ್ಲ.

ಬೆಳಗ್ಗೆ ಒಂಬತ್ತಕ್ಕೇ ಹೋಗಿ. ಮೆಟ್ರೋದಲ್ಲಿ ಬಂದ್ರೆ ಕಲ್ಯಾಣಿ ನಗರ ಸ್ಟೇಷನ್‌ನಲ್ಲಿ ಇಳಿದು ರಿಕ್ಷಾ ಹಿಡೀರಿ, ಕಾರ್ ತಲೆನೋವೇ ಬೇಡ. ಒಳಗೆ ಹೋದ ಕೂಡ್ಲೇ ಮೊದಲು ಸಮಾಧಿ, ಹಿರಿಯರ ಕಾಲಲ್ಲಿ ಶಕ್ತಿ ಇರುವಾಗಲೇ. ಆಮೇಲೆ ಕೋಣೆಗಳು, ಬೋರ್ಡ್ ಓದೋರನ್ನ ಅವಸರ ಮಾಡ್ಬೇಡಿ, ಲಾನ್ ಕೊನೆಗೆ. ಮೂರು ತಾಸಂತೂ ಇಟ್ಕೊಳ್ಳಿ. ಶನಿವಾರವಾಡ ಆ ದಿನ ಬಿಟ್ಬಿಡಿ, 1828ರ ಬೆಂಕಿಯಲ್ಲಿ ಒಳಗಿನ ಅರಮನೆ ಸುಟ್ಟೋಗಿದೆ, ಉಳಿದಿರೋದು ಹೆಚ್ಚಾಗಿ ಕೋಟೆ ಗೋಡೆ, ಬಾಗಿಲು, ಅಡಿಪಾಯ. ಕೇಳ್ಕರ್ ಮ್ಯೂಸಿಯಂಗೂ ಅವಸರ ಆಗಲ್ಲ, ಅದಕ್ಕೆ ಬೇರೆ ದಿನ ಬೇಕು. ದಗಡೂಶೇಟ್ ಗಣಪತಿ ರಾತ್ರಿನೂ ತೆರೆದಿರುತ್ತೆ, ಮಧ್ಯಾಹ್ನ ಅವರನ್ನ ಮಲಗಿಸಿ ಸಂಜೆ ಮೇಲೆ ಆರಾಮಾಗಿ ಕರ್ಕೊಂಡು ಹೋಗಿ.