ಪರದೆಯಲ್ಲಿ ಮೆರೂನ್, ಆಲ್ಬಮ್‌ನಲ್ಲಿ ಕಂದು

ಪ್ರಶ್ನೆ: ನಮಸ್ಕಾರ ಸರ್. ನಾನು ರಾಣೆಬೆನ್ನೂರಿನಲ್ಲಿ ಮನೆಯಲ್ಲೇ ಕೂತು ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ನಾಲ್ಕೈದು ಸ್ಟುಡಿಯೋದವರು ಕೆಲಸ ಕೊಡುತ್ತಾರೆ. ಆರು ತಿಂಗಳ ಹಿಂದೆ ಹೊಸ 24 ಇಂಚಿನ ಮಾನಿಟರ್ ತಗೊಂಡೆ, ಅಲ್ಲಿಂದ ತಾಪತ್ರಯ ಶುರುವಾಯಿತು. ಪರದೆಯ ಮೇಲೆ ಲಕ್ಷಣವಾಗಿ ಕಾಣುವ ಮದುಮಗಳ ಮುಖ ಆಲ್ಬಮ್‌ನಲ್ಲಿ ಕಪ್ಪಾಗಿ ಬರುತ್ತದೆ. ಧಾರೆ ಸೀರೆಯ ಮೆರೂನ್ ಕಂದಾಗುತ್ತದೆ. ಲ್ಯಾಬ್‌ನವರು ‘ಮೊದಲು ಮಾನಿಟರ್ ಕ್ಯಾಲಿಬ್ರೇಟ್ ಮಾಡ್ರಿ’, ಅಂದರೆ ಅದರ ಬಣ್ಣ, ಬೆಳಕು ಅಳತೆಗೆ ತನ್ನಿ ಅಂತಾರೆ. ವಿಂಡೋಸ್‌ನಲ್ಲೇ ಇರುವ ಕ್ಯಾಲಿಬ್ರೇಷನ್ ಮೂರು ಸಲ ಮಾಡಿದೆ, ಮೂರು ಸಲವೂ ಬೇರೆ ಬೇರೆ ಬಣ್ಣ ಬಂತು. ಮೊಬೈಲಿನಲ್ಲಿ ನೋಡಿದರೆ ಎಲ್ಲ ಸರಿಯಾಗೇ ಇದೆ. ಬಣ್ಣ ಅಳೆಯುವ ಮೀಟರ್ ಕೊಳ್ಳಲೇಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಮುಖ ಕಪ್ಪಾಗಲು ಕಾರಣವೇ ಬೇರೆ, ಮೆರೂನ್ ಕಂದಾಗಲು ಕಾರಣವೇ ಬೇರೆ.

ಮೊದಲು ಮುಖದ ವಿಷಯ. ಅಂಗಡಿಯಲ್ಲಿ ಹತ್ತು ಮಾನಿಟರ್‌ಗಳ ನಡುವೆ ಕಣ್ಣಿಗೆ ಹೊಡೆಯಲಿ ಎಂದು ಕಂಪನಿಯವರು ಬ್ರೈಟ್‌ನೆಸ್ ಏರಿಸಿಟ್ಟೇ ಕಳಿಸುತ್ತಾರೆ. ಪರದೆಯ ಬೆಳಕನ್ನು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಎಂದು ಅಳೆಯುತ್ತಾರೆ. ಪ್ರಿಂಟಿಗೆ ಹೋಗುವ ಕೆಲಸಕ್ಕೆ 80ರಿಂದ 120 ಸಾಕು. ಪೂರ್ತಿ ಏರಿಸಿದ ಸಾಮಾನ್ಯ ಮಾನಿಟರ್ 250ರ ಆಸುಪಾಸು ಇರುತ್ತದೆ. ಅಷ್ಟು ಬೆಳಕಿನಲ್ಲಿ ಮುಖ ನೋಡಿದ ನೀವು ‘ಜಾಸ್ತಿ ಬೆಳ್ಳಗಾಯಿತು’ ಎಂದು ಒಂದೆರಡು ಪಾಯಿಂಟ್ ಇಳಿಸುತ್ತೀರಿ. ಕಾಗದಕ್ಕೆ ತನ್ನದೇ ಬೆಳಕು ಇಲ್ಲವಲ್ಲ, ನೀವು ಇಳಿಸಿದ್ದು ಅಲ್ಲಿ ಕಪ್ಪಾಗಿ ಕೂರುತ್ತದೆ. ಲ್ಯಾಬಿನದೂ ತಪ್ಪಿಲ್ಲ, ನಿಮ್ಮ ಕಣ್ಣಿನದೂ ತಪ್ಪಿಲ್ಲ.

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಮಾನಿಟರ್ ಹಾಕಿ ಅರ್ಧ ಗಂಟೆ ಬಿಡಿ, ಬಿಸಿಯಾಗಲಿ. ಬಣ್ಣ, ಬೆಳಕನ್ನು ತಾವೇ ಬದಲಿಸುವ ನೈಟ್ ಲೈಟ್, ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್ ಎಲ್ಲ ಆಫ್ ಮಾಡಿ. ಫೋಟೋಶಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು, ನೀವು ಯಾವಾಗಲೂ ಕೆಲಸ ಮಾಡುವ ದೀಪ ಹಾಕಿ, ಒಂದು ಎ4 ಬಿಳಿ ಹಾಳೆಯನ್ನು ಪರದೆಯ ಪಕ್ಕದಲ್ಲೇ ಹಿಡಿಯಿರಿ. ಹಾಳೆಯ ಮೇಲೆ ದೀಪದ ಬೆಳಕು ಬೀಳುತ್ತಿರಬೇಕು. ಈಗ ನಿಮ್ಮ ಹಾಳೆ ಬೂದು ಬಟ್ಟೆಯ ಹಾಗೆ ಕಾಣುತ್ತದೆ, ಪರದೆ ಕಿಟಕಿಯ ಹಾಗೆ ಹೊಳೆಯುತ್ತದೆ. ಎರಡೂ ಒಂದೇ ತೂಕಕ್ಕೆ ಬರುವ ತನಕ ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ. ಬಹಳ ಜನರಿಗೆ ಮಾನಿಟರ್ ಮೆನುವಿನ 100ರಲ್ಲಿ ಇದು 25-30ರ ಹತ್ತಿರ ಬಂದು ನಿಲ್ಲುತ್ತದೆ. ಎರಡು ದಿನ ಪರದೆ ಮಂಕು ಅನ್ನಿಸುತ್ತದೆ, ಮೂರನೇ ದಿನ ಕಣ್ಣು ಒಗ್ಗುತ್ತದೆ. ದಯವಿಟ್ಟು ಆ ಎರಡು ದಿನ ತಾಳಿಕೊಳ್ಳಿ, ಮತ್ತೆ ಏರಿಸಬೇಡಿ.

ಇನ್ನು ಮೆರೂನ್. ಹೊಸ ಮಾನಿಟರ್‌ಗಳ ಬಿಳಿ ಸಾಮಾನ್ಯವಾಗಿ ನೀಲಿಯ ಕಡೆ ವಾಲಿರುತ್ತದೆ. ನೀಲಿ ಬೆರೆತ ಪರದೆಯಲ್ಲಿ ಮೆರೂನ್ ನೇರಳೆಯತ್ತ ಸರಿದು ಕಾಣುತ್ತದೆ. ಅದನ್ನು ಸರಿ ಮಾಡಲು ನೀವು ಹಳದಿ ಸೇರಿಸುತ್ತೀರಿ. ಪರದೆಯಲ್ಲಿ ಸರಿಹೋಯಿತು, ಕಾಗದದಲ್ಲಿ ಆ ಹಳದಿ ಮಾತ್ರ ಉಳಿದುಕೊಂಡಿತು. ಮೆರೂನಿಗೆ ಹಳದಿ ಬೆರೆತರೆ ಕಂದೇ. ಮಾನಿಟರ್ ಮೆನುವಿನಲ್ಲಿ ಕಲರ್ ಟೆಂಪರೇಚರ್ (ಬಿಳಿ ನೀಲಿಯತ್ತ ಇದೆಯೋ ಹಳದಿಯತ್ತ ಇದೆಯೋ ಎಂಬ ಅಳತೆ) ‘ಕೂಲ್’ ಅಂತ ಇದ್ದರೆ 6500 ಮಾಡಿ. ಕೆಲವದರಲ್ಲಿ ‘ಎಸ್‌ಆರ್‌ಜಿಬಿ’ ಎಂಬ ಮೋಡೇ ಇರುತ್ತದೆ, ಅದೂ ಆದೀತು. ಆ ಮೋಡ್ ಹಾಕಿದರೆ ಬ್ರೈಟ್‌ನೆಸ್ ಬದಲಿಸಲು ಕೆಲವು ಮಾನಿಟರ್ ಬಿಡುವುದಿಲ್ಲ. ಹಾಗಾದರೆ 6500ರಲ್ಲೇ ಇರಿ, ಬೆಳಕು ಹದದಲ್ಲಿರುವುದು ಹೆಚ್ಚು ಮುಖ್ಯ.

ವಿಂಡೋಸ್‌ನಲ್ಲಿ ಮೂರು ಸಲ ಮೂರು ಬಣ್ಣ ಬಂದದ್ದು ಯಾಕೆ? ಅಲ್ಲಿ ಅಳತೆ ಮಾಡುವುದು ನಿಮ್ಮ ಕಣ್ಣು. ಹಳದಿ ಬಲ್ಬಿನ ಕೆಳಗೂ ಟ್ಯೂಬ್‌ಲೈಟಿನ ಕೆಳಗೂ ಅದೇ ಪಂಚೆ ನಮಗೆ ಬಿಳಿಯಾಗಿಯೇ ಕಾಣುತ್ತದೆ, ಯಾಕೆಂದರೆ ಸುತ್ತಲ ಬೆಳಕಿಗೆ ತಕ್ಕ ಹಾಗೆ ಕಣ್ಣು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಅಡುಗೆಮನೆಯಿಂದ ಬಂದು ಕೂತರೆ ಒಂದು ಬಿಳಿ, ಬಿಸಿಲಿನಿಂದ ಬಂದು ಕೂತರೆ ಇನ್ನೊಂದು ಬಿಳಿ.

ಇದನ್ನು ನಾನು ಕಲಿತದ್ದು ಒಂದು ಗೃಹಪ್ರವೇಶದ ಕಾರ್ಡಿನಿಂದ. ಬೆಂಗಳೂರಿನ ಚಾಮರಾಜಪೇಟೆಯ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಡಿಸೈನ್ ವಿಭಾಗದಲ್ಲಿದ್ದೆ. ನನ್ನ ಬೆನ್ನ ಹಿಂದಿನ ಗೋಡೆಗೆ ಗಿಳಿಹಸಿರು ಬಣ್ಣ ಬಳಿದಿದ್ದರು, ಮಧ್ಯಾಹ್ನ ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದು ಇಡೀ ಪರದೆಗೆ ಹಸಿರು ಛಾಯೆ ಬರುತ್ತಿತ್ತು. ಕಾರ್ಡಿನ ಅರಿಶಿನ ಬಣ್ಣ ಹಸಿರಾಗಿದೆ ಎಂದುಕೊಂಡು ನಾನು ಹಸಿರು ತೆಗೆದೆ. ಐನೂರು ಕಾರ್ಡು ಕಿತ್ತಳೆ ಬಣ್ಣದಲ್ಲಿ ಅಚ್ಚಾದವು. ಮಾರನೇ ದಿನ ಆ ಮನೆಯ ಹಿರಿಯರು ಬಂದು, ಜೇಬಿನಿಂದ ಒಂದು ಅರಿಶಿನ ಕೊಂಬು ತೆಗೆದು ಕಾರ್ಡಿನ ಪಕ್ಕದಲ್ಲಿಟ್ಟು ‘ಈ ಬಣ್ಣ ಕೇಳಿದ್ದೆನಪ್ಪಾ’ ಎಂದರು. ಜೋರು ಮಾಡಲಿಲ್ಲ. ಆ ವಾರವೇ ಗೋಡೆಗೆ ತಿಳಿಬೂದು ಬಣ್ಣ ಹೊಡೆಸಿದೆವು, ಕಿಟಕಿಗೆ ದಪ್ಪ ಪರದೆ ಬಂತು. ನಿಮ್ಮ ಕೋಣೆಯ ಗೋಡೆ ಯಾವ ಬಣ್ಣದ್ದು ಅಂತ ಒಮ್ಮೆ ತಿರುಗಿ ನೋಡಿ. ಹಾಗೆಯೇ ಡೆಸ್ಕ್‌ಟಾಪಿನ ವಾಲ್‌ಪೇಪರ್ ತೆಗೆದು ಬರೀ ಬೂದು ಬಣ್ಣ ಇಡಿ.

ಮೀಟರ್ ಬಗ್ಗೆ ಕೇಳಿದ್ದೀರಿ. ಬೇರೆಯವರ ದುಡ್ಡಿನ ಕೆಲಸ ಮಾಡುವವರಿಗೆ ಬೇಕು ಅಂತಲೇ ಹೇಳುತ್ತೇನೆ. ಡೇಟಾಕಲರ್‌ನವರ ಸ್ಪೈಡರ್ ಇದೆ, ಕ್ಯಾಲಿಬ್ರೈಟ್‌ನವರದೂ ಇದೆ. ನೋಡಲು ಕಂಪ್ಯೂಟರ್ ಮೌಸಿನಷ್ಟಿರುತ್ತದೆ, ವೈರಿನಲ್ಲಿ ಒಂದು ತೂಕದ ತುಂಡು ಇರುತ್ತದೆ. ತೂಕವನ್ನು ಮಾನಿಟರಿನ ಹಿಂದಕ್ಕೆ ಇಳಿಬಿಟ್ಟು, ಮೀಟರಿನ ಮುಖ ಪರದೆಗೆ ಸರಿಯಾಗಿ ಅಂಟುವಂತೆ ಮಾನಿಟರನ್ನು ಸ್ವಲ್ಪ ಹಿಂದಕ್ಕೆ ಬಾಗಿಸಬೇಕು. ಸಂದಿಯಲ್ಲಿ ಬೆಳಕು ನುಗ್ಗಬಾರದು. ಸಾಫ್ಟ್‌ವೇರ್ ಕೇಳುವ ಮೂರು ಅಂಕಿಗೆ ಹೀಗೆ ಕೊಡಿ: ಬಿಳಿಗೆ 6500, ಗಾಮಾ (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ಹದ) 2.2, ಬೆಳಕು 100. ಆಮೇಲೆ ಅದು ಕೆಂಪು, ಹಸಿರು, ನೀಲಿ, ಬೂದು ಚೌಕಗಳನ್ನು ಒಂದಾದ ಮೇಲೊಂದು ತೋರಿಸುತ್ತಾ, ಕಂಪ್ಯೂಟರ್ ಕಳಿಸಿದ ಬಣ್ಣ ಯಾವುದು, ಪರದೆ ತೋರಿಸಿದ್ದು ಯಾವುದು ಎಂದು ತಾಳೆ ನೋಡುತ್ತದೆ. ವ್ಯತ್ಯಾಸವನ್ನೆಲ್ಲ ಬರೆದಿಟ್ಟ ಕಡತಕ್ಕೆ ಐಸಿಸಿ ಪ್ರೊಫೈಲ್ ಅನ್ನುತ್ತಾರೆ. ಫೋಟೋಶಾಪ್ ಅದನ್ನು ಓದಿ ಬಣ್ಣ ತಿದ್ದಿ ತೋರಿಸುತ್ತದೆ. ಕೊನೆಯ ವರದಿಯಲ್ಲಿ ಡೆಲ್ಟಾ ಇ, ಅಂದರೆ ಕಳಿಸಿದ ಬಣ್ಣಕ್ಕೂ ಕಂಡ ಬಣ್ಣಕ್ಕೂ ಇರುವ ಅಂತರ, ಸರಾಸರಿ 2ಕ್ಕಿಂತ ಕಡಿಮೆ ಬಂದರೆ ನೆಮ್ಮದಿಯಾಗಿರಿ. ಪರದೆಯ ದೀಪ ದಿನ ಕಳೆದಂತೆ ಕುಂದುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಮತ್ತೆ ಅಳೆಯಬೇಕು. ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷದ ಕೆಲಸವಾದ್ದರಿಂದ ನಿಮಗೆ ಕೆಲಸ ಕೊಡುವ ಸ್ಟುಡಿಯೋದವರೆಲ್ಲ ಸೇರಿ ಒಂದನ್ನೇ ಕೊಂಡು ಕೈಯಿಂದ ಕೈಗೆ ದಾಟಿಸಬಹುದು. ಕೊಳ್ಳುವ ಮುಂಚೆ ಸಾಫ್ಟ್‌ವೇರನ್ನು ಎಷ್ಟು ಕಂಪ್ಯೂಟರಿಗೆ ಹಾಕಬಹುದು ಎಂದು ಕೇಳಿಕೊಳ್ಳಿ. ಉಚಿತವಾಗಿ ಸಿಗುವ ಡಿಸ್‌ಪ್ಲೇಕಾಲ್ ಎಂಬ ಸಾಫ್ಟ್‌ವೇರ್ ಕೂಡ ಹಲವು ಮೀಟರ್‌ಗಳ ಜೊತೆ ಕೆಲಸ ಮಾಡುತ್ತದೆ.

ಇಷ್ಟಾದ ಮೇಲೂ ಬಣ್ಣ ಸಪ್ಪೆ ಬಂದರೆ ಫೈಲ್ ನೋಡಿ. ಕ್ಯಾಮೆರಾದವರು ಅಡೋಬ್ ಆರ್‌ಜಿಬಿ ಎಂಬ ಬಣ್ಣದ ಅಳತೆಯಲ್ಲಿ ತೆಗೆದು ಕೊಟ್ಟಿರಬಹುದು. ಆಲ್ಬಮ್ ಲ್ಯಾಬ್‌ಗಳು ಸಾಮಾನ್ಯವಾಗಿ ಕೇಳುವುದು ಎಸ್‌ಆರ್‌ಜಿಬಿ, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಬಣ್ಣದ ಅಳತೆ ಅದು. ಬದಲಿಸುವಾಗ ‘ಕನ್ವರ್ಟ್ ಟು ಪ್ರೊಫೈಲ್’ ಒತ್ತಿ, ‘ಅಸೈನ್’ ಒತ್ತಬೇಡಿ. ಅಸೈನ್ ಮಾಡಿದರೆ ಅಂಕಿಗಳು ಹಾಗೇ ಉಳಿದು ಅವುಗಳ ಅರ್ಥ ಬದಲಾಗುತ್ತದೆ. ಸೇರನ್ನು ಲೀಟರ್ ಅಂತ ಬರೆದ ಹಾಗೆ.

ಮೊಬೈಲನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ. ಹಲವು ಮೊಬೈಲ್‌ಗಳು ‘ವಿವಿಡ್’ ಮೋಡಿನಲ್ಲಿ ಬಣ್ಣ ಏರಿಸಿ ತೋರಿಸುತ್ತವೆ, ಸುತ್ತಲ ಬೆಳಕು ನೋಡಿ ತಾವೇ ಬ್ರೈಟ್‌ನೆಸ್ ಬದಲಿಸುತ್ತವೆ. ಅದರ ಬದಲು ಲ್ಯಾಬಿನಿಂದ ಒಂದು ಹಾಳೆಯ ಪ್ರಿಂಟ್ ತರಿಸಿ: ಒಂದು ಮುಖ, ಒಂದು ಮೆರೂನ್ ಸೀರೆ, ಮಲ್ಲಿಗೆ ಮುಡಿದ ಒಂದು ಜಡೆ, ಕೆಳಗೆ ಬಿಳಿಯಿಂದ ಕಪ್ಪಿನವರೆಗೆ ಬೂದು ಪಟ್ಟಿ. ಅದನ್ನು ಮಾನಿಟರ್ ಪಕ್ಕದಲ್ಲಿಟ್ಟುಕೊಳ್ಳಿ. ಜಡೆಯ ಎಳೆಗಳು ಎರಡರಲ್ಲೂ ಒಂದೇ ಹಾಗೆ ಬಿಡಿಬಿಡಿಯಾಗಿ ಕಂಡ ದಿನ ಆಲ್ಬಮ್ ಕಳಿಸಿ.

ಪ್ರಶ್ನೆ: ಇಳಕಲ್ಲಿನಿಂದ ಸೀರೆ ಮಾರುತ್ತೇವೆ. ವಾಟ್ಸಾಪಿನಲ್ಲಿ ಗಿರಿಕುಂಕುಮ ಬಣ್ಣದ ಫೋಟೋ ಕಳಿಸಿದರೆ ಗಿರಾಕಿಗಳು ‘ಸೀರಿ ಬ್ಯಾರೇನ ಬಂದೈತಿ’ ಅಂತ ವಾಪಸ್ ಕಳಿಸ್ತಾರ. ಮಾನಿಟರ್ ಸರಿ ಮಾಡಿದರೆ ಸರಿ ಹೋಗತದೇನ್ರಿ?

ಉತ್ತರ: ಅರ್ಧ ಸರಿ ಹೋದೀತು. ನಿಮ್ಮ ಮಾನಿಟರ್ ತಿದ್ದಬಹುದು, ಗಿರಾಕಿಯ ಮೊಬೈಲ್ ತಿದ್ದಲಾಗದು. ನಿಮ್ಮ ಕೈಯಲ್ಲಿರುವುದು ಫೋಟೋ ತೆಗೆಯುವ ಹದ. ಅಂಗಡಿಯೊಳಗೆ ಎಲ್‌ಇಡಿ ದೀಪ, ಬಾಗಿಲಿನಿಂದ ಬಿಸಿಲು, ಎರಡೂ ಕೂಡಿದ ಬೆಳಕಿನಲ್ಲಿ ತೆಗೆಯಬೇಡಿ. ಬೆಳಗಿನ ಹೊತ್ತು ಬಿಸಿಲು ನೇರ ಬೀಳದ ಪಡಸಾಲೆಯಲ್ಲಿ ಹಾಸಿ, ಪಕ್ಕದಲ್ಲಿ ಬೂದು ಕಾರ್ಡ್ ಇಟ್ಟು ಒಂದು ಫೋಟೋ ತೆಗೆದು ಅದರ ಮೇಲೆ ವೈಟ್ ಬ್ಯಾಲೆನ್ಸ್ (ಬೂದು ಬೂದಾಗಿಯೇ ಕಾಣುವಂತೆ ಮಾಡುವ ಹೊಂದಾಣಿಕೆ) ಹೊಂದಿಸಿ. ಗಾಢ ಕೆಂಪಿನ ತೊಂದರೆ ಏನೆಂದರೆ ಫೋಟೋದಲ್ಲಿನ ಕೆಂಪಿನ ಅಂಕಿ ಬೇಗ ಅದರ ತುದಿಯಾದ 255 ಮುಟ್ಟಿಬಿಡುತ್ತದೆ. ಆಮೇಲೆ ನೂಲಿನ ಗೆರೆ ಅಳಿಸಿ ಕುಂಕುಮ ಬರೀ ಕೆಂಪು ಮುದ್ದೆಯಾಗುತ್ತದೆ. ಎಕ್ಸ್‌ಪೋಷರ್ ಒಂದು ಹೆಜ್ಜೆ ಇಳಿಸಿ ತೆಗೆಯಿರಿ.

ಇನ್ನೊಂದು ಮಾತು. ಎರಡು ಬಟ್ಟೆ ಬಿಸಿಲಿನಲ್ಲಿ ಒಂದೇ ಬಣ್ಣ, ಟ್ಯೂಬ್‌ಲೈಟಿನಲ್ಲಿ ಬೇರೆ ಬೇರೆ ಬಣ್ಣ ಕಾಣುವುದುಂಟು, ಅದು ಬಣ್ಣ ಹಾಕಿದ ರಾಸಾಯನಿಕದ ಗುಣ. ಹಾಗಾಗಿ ‘ಈ ಫೋಟೋ ಹಗಲು ಬೆಳಕಿನದು’ ಎಂದು ಕೆಳಗೆ ಬರೆಯಿರಿ. ದೊಡ್ಡ ಮದುವೆ ಆರ್ಡರ್ ಆದರೆ ಅದೇ ಬಣ್ಣದ ಎರಡು ಗೇಣು ನೂಲನ್ನು ಅಂಚೆ ಲಕೋಟೆಯಲ್ಲಿಟ್ಟು ಮೊದಲೇ ಕಳಿಸಿಬಿಡಿ.